ಮೀಟರ್ ಚಿನ್ನ, ಕೊಳವೆಯೇ ತಲೆನೋವು: ಪೀಕ್ ಫ್ಲೋ ಮೀಟರ್ ಜೊತೆ ಮೂರು ವರ್ಷ

ಸೆಲ್ ಬೇಡ, ಚಾರ್ಜ್ ಬೇಡ, ಕರೆಂಟ್ ಹೋದರೂ ಚಿಂತೆ ಇಲ್ಲ. ನಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೈಕೊಡದ ವಸ್ತು ಅಂತ ಇದ್ದರೆ ಈ ಪ್ಲಾಸ್ಟಿಕ್ ಮೀಟರ್ ಒಂದೇ. ಜೋರಾಗಿ ಊದಿದರೆ ಉಸಿರು ಎಷ್ಟು ವೇಗವಾಗಿ ಹೊರಬಂತು ಅಂತ, ನಿಮಿಷಕ್ಕೆ ಇಷ್ಟು ಲೀಟರ್ ಲೆಕ್ಕದಲ್ಲಿ, ಇದರ ಮುಳ್ಳು ತೋರಿಸುತ್ತದೆ. ನಾನು ಅಲ್ಲಿ ಸ್ಟಾಫ್ ನರ್ಸ್. ಇಂಡೆಂಟ್ ಹಾಕಿ ಕಾದು ಸಾಕಾಗಿ, ಸುಮಾರು 700 ರೂಪಾಯಿ ಕೈಯಿಂದ ಹಾಕಿ ತಂದದ್ದು.

ಓಪಿಡಿ ಶುರುವಾಗುವ ಮುಂಚೆ ಮುಳ್ಳನ್ನು ಕೆಳಗೆ ತಳ್ಳಿ ನಾನೇ ಒಮ್ಮೆ ಊದುತ್ತೇನೆ. ಬಾಯಿಗಿಡಲು ನನ್ನದು ಬೇರೆ, ತೊಳೆದಿಟ್ಟ ಪ್ಲಾಸ್ಟಿಕ್ ಕೊಳವೆ. 380ರ ಆಸುಪಾಸು ಬಂದರೆ ಮೀಟರೂ ಸರಿ, ನಾನೂ ಸರಿ. ಆಮೇಲೆ ಅದನ್ನು ಹಿಡಿದು ವರಾಂಡಕ್ಕೆ. ಕೆಮ್ಮುವವರನ್ನು ಮುಚ್ಚಿದ ರೂಮಿನಲ್ಲಿ ಊದಿಸುವುದು ಬೇಡ, ಟಿಬಿ ಇದ್ದರೆ?

ಊದಿಸುವುದೇ ಒಂದು ಕಲೆ. ಸೌದೆ ಒಲೆ ಮುಂದೆ ಆಯುಷ್ಯ ಕಳೆದ ಅಜ್ಜಿಯೊಬ್ಬರು ಕೊಳವೆ ಕಂಡ ಕೂಡಲೇ ನಿಧಾನಕ್ಕೆ, ಉದ್ದಕ್ಕೆ ಊದಿದರು. ಮುಳ್ಳು 90ಕ್ಕೇ ನಿಂತಿತು. ಇದಕ್ಕೆ ಬೇಕಾದ್ದು ಒಂದೇ ಏಟಿಗೆ ಜೋರಾಗಿ ಫೂ. "ಅಜ್ಜಿ, ಒಲೆ ಊದ್ಬೇಡಿ, ಬುಡ್ಡಿ ದೀಪ ಆರಿಸಿ" ಅಂದೆ. "ಎರಡೂ ಊದೋದೇ ಅಲ್ವೇನವ್ವಾ?" ಅಂತ ನಕ್ಕರು. ಎದ್ದು ನಿಂತು, ಎದೆ ತುಂಬ ಉಸಿರೆಳೆದು ಮೂರು ಸಲ: 130, 150, 150. ಜಾಸ್ತಿ ಬಂದದ್ದನ್ನೇ ಬರೆದುಕೊಳ್ಳೋದು. ಶ್ವಾಸನಾಳ ಹಿಗ್ಗಿಸುವ ಔಷಧಿ ಸಾಲ್ಬುಟಮಾಲ್ ಕೊಟ್ಟು ಕಾಲು ಗಂಟೆ ಬಿಟ್ಟು ಊದಿಸಿದರೆ 160. ಆಸ್ತಮಾ ಆಗಿದ್ದರೆ ಸಾಮಾನ್ಯವಾಗಿ ಇನ್ನೂ ಚೆನ್ನಾಗಿ ಏರುತ್ತಿತ್ತು. ಹಾಗಂತ ಈ ಮೀಟರ್ ನಂಬಿ ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಅಂತ ಬರೆಯಲಾಗದು. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಬಂದದ್ದು ಶೇ 70ಕ್ಕಿಂತ ಕಮ್ಮಿಯಾ ಅಂತ ಸ್ಪೈರೋಮೀಟರೇ ಹೇಳಬೇಕು. ಯಾರನ್ನು ಜಿಲ್ಲಾಸ್ಪತ್ರೆಗೆ ಕಳಿಸಬೇಕು ಅಂತ ಗೊತ್ತಾದರೆ ನನಗೆ ಸಾಕು.

ಸಿಟ್ಟು ಬಂದದ್ದು ಕೊಳವೆ ಮೇಲೆ. ಒಬ್ಬೊಬ್ಬರಿಗೂ ಹೊಸ ರಟ್ಟಿನ ಕೊಳವೆ ಬೇಕು. ಹಳೇ ಪ್ಯಾಕ್ ಮುಗಿದಾಗ ಮೆಡಿಕಲ್ ಶಾಪಿನವರು "ಎಲ್ಲಾ ಒಂದೇ ಸೈಜು ಮೇಡಂ" ಅಂತ 100 ಕೊಳವೆ ಕೊಟ್ಟರು. ಆ ವಾರ ಊದಿದವರೆಲ್ಲರದ್ದೂ ಕಮ್ಮಿ! ನನ್ನದು ಮಾತ್ರ ಅದೇ 380. ಕೊನೆಗೆ ಅನುಮಾನ ಬಂದು ನನ್ನ ಕೊಳವೆ ತೆಗೆದು ರಟ್ಟಿನದು ಹಾಕಿ ಊದಿದೆ. 330. ಸೇರುವ ಜಾಗಕ್ಕೆ ಬೆರಳು ಇಟ್ಟರೆ ಗಾಳಿ ತಣ್ಣಗೆ ತಾಗಿತು. ಕೂದಲೆಳೆಯಷ್ಟು ಸಂದು, ಅಷ್ಟೇ.

11 ಜನರನ್ನು ಆಶಾ ಕಾರ್ಯಕರ್ತೆ ಕೈಲಿ ಹೇಳಿ ಕಳಿಸಿ ಮತ್ತೆ ಊದಿಸಿದೆ. ಇಬ್ಬರು ಆಗಲೇ ಬಸ್ ಚಾರ್ಜ್ ಹಾಕಿಕೊಂಡು ಜಿಲ್ಲಾಸ್ಪತ್ರೆಗೆ ಸುಮ್ನೆ ಹೋಗಿ ಬಂದಿದ್ದರು. ಅವರ ಬೈಗುಳ ನಾನೇ ತಿಂದೆ.

ಮೀಟರ್ ಧಾರಾಳವಾಗಿ ತಗೊಳ್ಳಿ. ಕೊಳವೆ ತರಲು ಹೋಗುವಾಗ ಮಾತ್ರ ಮೀಟರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಸಿಕ್ಕಿಸಿ ನೋಡಿ.