ಸೀರೆ ಅಂಗಡಿಯ ಸರ್ವರ್‌ಗೆ ಟಾರ್, ಆರ್‌ಸಿಂಕ್, ರೆಸ್ಟಿಕ್

ಇಳಕಲ್ಲಿನ ಸೀರೆ ಅಂಗಡಿಯೊಂದರ ಲಿನಕ್ಸ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಸುಮಾರು 180 ಜಿಬಿ ಇದೆ. ಬಹುಪಾಲು ಸೀರೆಗಳ ಫೋಟೊ, ಉಳಿದದ್ದು ಬಿಲ್ಲು ಮತ್ತು ಉದ್ರಿ ಲೆಕ್ಕ. ಬ್ಯಾಕಪ್‌ಗೆ ಮೂರು ತಂತ್ರಾಂಶಗಳನ್ನು ಬಳಸಿ ನೋಡಿದ್ದೇನೆ. ತುಂಬಿಸುವಾಗ ಮೂರೂ ಸಾಧುಗಳು. ಗುಣ ಗೊತ್ತಾಗುವುದು ವಾಪಸ್ ಕೇಳಿದಾಗ.

ಟಾರ್ ಟೇಪುಗಳ ಕಾಲದ್ದು, ಹೆಸರಿನಲ್ಲೇ ಟೇಪ್ ಅಡಗಿದೆ. ಎಲ್ಲ ಕಡತಗಳನ್ನೂ ಒಂದೇ ದೊಡ್ಡ ಕಡತವಾಗಿ ಕಟ್ಟುತ್ತದೆ. ಯಾವ ಲಿನಕ್ಸ್‌ನಲ್ಲಾದರೂ ಬಿಚ್ಚಿಕೊಳ್ಳುತ್ತದೆ. ಆದರೆ ಜೆಪೆಗ್ ಫೋಟೊಗಳು ಮೊದಲೇ ಹಿಂಡಿದ ಕಬ್ಬು, ಕಡತ ಕುಗ್ಗಿಸುವ ಜಿಜಿಪ್ ಹಾಕಿದರೂ ಗಾತ್ರ ಇಳಿಯಲಿಲ್ಲ. ಎರಡೇ ಪ್ರತಿಗೆ 500 ಜಿಬಿ ಡಿಸ್ಕ್ ತುಂಬುತ್ತ ಬಂತು. ಒಂದೇ ಒಂದು ಫೋಟೊ ಬೇಕೆಂದಾಗ ಕಡತವನ್ನು ಮೊದಲಿನಿಂದ ಓದುತ್ತ ಹೋಗಿ ಅರ್ಧ ಗಂಟೆ ತೆಗೆದುಕೊಂಡಿತು.

ಆರ್‌ಸಿಂಕ್ 1996ರದ್ದು, ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಾಸ್ ಬರೆದದ್ದು. ನೆಟ್‌ವರ್ಕ್ ಮೂಲಕ ಬದಲಾದ ಭಾಗವನ್ನಷ್ಟೇ ಸಾಗಿಸುವುದರಿಂದ ರಾತ್ರಿಯ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಪ್ರತಿ ಇದ್ದ ಹಾಗೆಯೇ ಕಣ್ಣಿಗೆ ಕಾಣುತ್ತದೆ. ಆ ಸುಖದಲ್ಲಿ ನಾನು ಡಿಲೀಟ್ ಆಯ್ಕೆಯನ್ನೂ ಸೇರಿಸಿಬಿಟ್ಟಿದ್ದೆ. ಅಂಗಡಿಯಲ್ಲಿ ಯಾರೋ ಒಂದು ಫೋಲ್ಡರ್ ಅಳಿಸಿದರು. ರಾತ್ರಿ ಆರ್‌ಸಿಂಕ್ ನಿಷ್ಠೆಯಿಂದ ಬ್ಯಾಕಪ್‌ನಲ್ಲೂ ಅಳಿಸಿತು. ತಪ್ಪು ಅದರದ್ದಲ್ಲ, ನನ್ನದೇ. ಕನ್ನಡಿ ಮಾಡು ಎಂದಿದ್ದೆ, ಕನ್ನಡಿಯನ್ನೇ ಮಾಡಿತು. ಆಮೇಲೆ ಲಿಂಕ್-ಡೆಸ್ಟ್ ಆಯ್ಕೆ ಹಿಡಿದೆ: ದಿನಕ್ಕೊಂದು ಫೋಲ್ಡರ್, ಬದಲಾಗದ ಕಡತಗಳಿಗೆ ಹಾರ್ಡ್ ಲಿಂಕ್, ಅಂದರೆ ಹೊಸ ಪ್ರತಿಯಲ್ಲ, ಹಳೆಯದಕ್ಕೇ ಇನ್ನೊಂದು ಹೆಸರು. ಜಾಗ ಹೆಚ್ಚೇನೂ ತಿನ್ನುವುದಿಲ್ಲ. ಆದರೆ ಡಿಸ್ಕ್ ಕೈಗೆ ಸಿಕ್ಕವರೆಲ್ಲ ಊರಿನ ಉದ್ರಿ ಓದಬಹುದು.

ರೆಸ್ಟಿಕ್ ಕಡತಗಳನ್ನು ತುಂಡರಿಸಿ, ತದ್ರೂಪಿ ತುಂಡನ್ನು ಒಮ್ಮೆ ಮಾತ್ರ, ಅದೂ ಗೂಢಲಿಪಿಯಲ್ಲಿ ಇಡುತ್ತದೆ. ಇಳಕಲ್ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಕೊಂಡಿ ಹಾಕಿ ಸೇರಿಸುವಂತೆ ತುಂಡುಗಳು ಮತ್ತೆ ಕೂಡಬೇಕು. ಅದಕ್ಕೇ ತಿಂಗಳಿಗೊಮ್ಮೆ ಬ್ಯಾಕಪ್ ಸರಿಯಿದೆಯೇ ಎಂದು ನೋಡುವ ಚೆಕ್ ಆಜ್ಞೆಯಿಂದ ದತ್ತಾಂಶವನ್ನೂ ಓದಿಸುತ್ತೇನೆ. ಮೂರು ವಾರ ಹಿಂದಿನ ಒಂದು ಫೋಟೊ ಒಂದೇ ನಿಮಿಷದಲ್ಲಿ ಬಂತು. ಇಡೀ 180 ಜಿಬಿಯನ್ನು ಅದೇ ಡಿಸ್ಕಿನಿಂದ ಮರಳಿಸಲು ಮಾತ್ರ ಆರ್‌ಸಿಂಕ್‌ನ ಎರಡರಷ್ಟು ಸಮಯ ಹಿಡಿಯಿತು. ಬೋರ್ಗ್ ಕೂಡ ಇದೇ ಜಾತಿಯದ್ದು, ಚೆನ್ನಾಗಿದೆ. ಆದರೆ ಆಚೆ ಕಡೆಯ ಯಂತ್ರದಲ್ಲೂ ಬೋರ್ಗ್ ಇದ್ದರೆ ಸಲೀಸು, ಬ್ಯಾಕಪ್ ಇಡಲು ನಾನು ಹೊರಗಿನ ಸರ್ವರ್ ಒಂದರಲ್ಲಿ ಹಿಡಿದ ಬಾಡಿಗೆ ಜಾಗದಲ್ಲಿ ಅದನ್ನು ಹಾಕಲು ಬಿಡಲಿಲ್ಲ.

ಇದರ ನಡುವೆ ಒಂದು ಮಾತು: ಓಡುತ್ತಿರುವ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಕಡತಗಳನ್ನು ಹಾಗೆಯೇ ನಕಲಿಸಿದರೆ ಮೂರರಲ್ಲಿ ಯಾವುದೂ ಕಾಪಾಡದು. ನಾನು ಮೊದಲು ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆಯೊಂದಿಗೆ ಡಂಪ್, ಅಂದರೆ ಒಂದೇ ಕ್ಷಣದ ಸ್ಥಿತಿಯ ಪೂರ್ತಿ ಪ್ರತಿ, ತೆಗೆದು, ಆ ಡಂಪನ್ನೇ ಬ್ಯಾಕಪ್‌ಗೆ ಕೊಡುತ್ತೇನೆ.

ಈಗ ಅಂಗಡಿಯೊಳಗಿನ ಡಿಸ್ಕಿಗೆ ಆರ್‌ಸಿಂಕ್, ಹೊರಗಿನ ಬಾಡಿಗೆ ಜಾಗಕ್ಕೆ ರೆಸ್ಟಿಕ್. ಟಾರ್ ಅನ್ನು ವರ್ಷಾಂತ್ಯದ ಲೆಕ್ಕ ಕಟ್ಟಿಡಲು ಉಳಿಸಿಕೊಂಡಿದ್ದೇನೆ. ರೆಸ್ಟಿಕ್‌ನ ಗುಪ್ತಪದ ಕಳೆದರೆ ದತ್ತಾಂಶವೂ ಹೋದಂತೆಯೇ. ಆದ್ದರಿಂದ ಒಂದು ಪ್ರತಿ ಬಾಗಲಕೋಟೆಯ ನವನಗರದ ನನ್ನ ಮನೆಯಲ್ಲಿದೆ, ಇನ್ನೊಂದನ್ನು ಚೀಟಿಯಲ್ಲಿ ಬರೆದು ಸಾವುಕಾರರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದಿ, “ಇದು ಯಾವ ಮಂತ್ರ, ತಮ್ಮಾ?” ಎಂದು ಕೇಳಿ, ತಿಜೋರಿಯಲ್ಲಿ ಲಕ್ಷ್ಮಿಯ ಫೋಟೊದ ಹಿಂದೆ ಸಿಕ್ಕಿಸಿದರು.