ಹಿಮ್ಮಡಿ ನೋವಿಗೆ ಸಿಲಿಕಾನ್ ಕಪ್ಪೋ, ಇನ್‌ಸೋಲೋ, ಎಂಸಿಆರ್ ಚಪ್ಪಲಿಯೋ?

ಬೆಳಿಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದ ಹಾಗೆ. ಹತ್ತು ಹೆಜ್ಜೆ ನಡೆದರೆ ಕಡಿಮೆ. ಐದು ಪೀರಿಯಡ್ ನಿಂತು ಪಾಠ ಮಾಡಿ ಬಂದರೆ ಮತ್ತೆ ಅದೇ. ಡಾಕ್ಟರು ಪ್ಲಾಂಟರ್ ಫೇಸಿಯೈಟಿಸ್ ಅಂದರು. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತದಲ್ಲ, ನೋವು ಅದರದ್ದು.

ನಾನು ಧಾರವಾಡದವಳು, ಕೊಲ್ಹಾಪುರಿ ಬಿಟ್ಟರೆ ಬೇರೆ ಚಪ್ಪಲಿ ಗೊತ್ತಿಲ್ಲ. ಹೆಸರು ಕೊಲ್ಹಾಪುರದ್ದು, ಆದರೆ ನಮ್ಮ ಅಥಣಿ, ನಿಪ್ಪಾಣಿಯಲ್ಲೂ ಹೊಲಿಯುತ್ತಾರೆ. ಅಭಿಮಾನ ಬೇರೆ, ಹಿಮ್ಮಡಿ ಬೇರೆ. ಅದರ ತಳ ಚಪ್ಪಟೆ, ಮೆತ್ತೆ ಇಲ್ಲ. ಮೊದಲು ಅದನ್ನೇ ಬಿಟ್ಟೆ.

ಆಮೇಲೆ ಸಿಲಿಕಾನ್ ಹೀಲ್ ಕಪ್. ಅಗ್ಗ. ಮೊದಲ ವಾರ ಸ್ವರ್ಗ. ಆದರೆ ಅದು ಹಿಮ್ಮಡಿಗೆ ಮೆತ್ತೆ ಅಷ್ಟೇ, ಅಂಗಾಲಿನ ಕಮಾನನ್ನು ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಬೆವರಿ ಶೂ ಒಳಗೇ ಜಾರಾಡುತ್ತಿತ್ತು.

ಕಮಾನಿಗೆ ಆಸರೆ ಕೊಡುವ ರೆಡಿಮೇಡ್ ಇನ್‌ಸೋಲ್ ಇದಕ್ಕಿಂತ ಎಷ್ಟೋ ವಾಸಿ. ಅದು ಗಟ್ಟಿಯಿದೆ, ಒಂದು ವಾರ ಅಂಗಾಲಿಗೆ ಕಲ್ಲು ಇಟ್ಟ ಹಾಗಿತ್ತು. ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ ಹೆಚ್ಚಿಸಿಕೊಂಡೆ. ನಾನು ಮಾಡಿದ ತಪ್ಪು: ಶೂ ಜೊತೆ ಬಂದ ಇನ್‌ಸೋಲ್ ತೆಗೆಯದೆ ಅದರ ಮೇಲೇ ಇಟ್ಟಿದ್ದೆ. ಹಿಮ್ಮಡಿ ಮೇಲೆದ್ದು ಶೂನಿಂದ ಹೊರಬರುತ್ತಿತ್ತು. ಶೂ ಕೂಡ ಸರಿ ಇರಬೇಕು. ಕೈಯಲ್ಲಿ ಹಿಡಿದು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿ ನೋಡಿ. ಶೂ ಪೂರ್ತಿ ತಿರುಚಿಕೊಂಡರೆ ಅದರೊಳಗೆ ಎಂಥ ಇನ್‌ಸೋಲ್ ಹಾಕಿದರೂ ದಂಡ. ಬಾಗಬೇಕಾದ್ದು ಬೆರಳುಗಳ ಹತ್ತಿರ ಮಾತ್ರ.

ಪಾದದ ಅಚ್ಚು ತೆಗೆದು ಮಾಡಿಕೊಡುವ ಇನ್‌ಸೋಲನ್ನೂ ಮಾಡಿಸಿದೆ. ಖರ್ಚು ಹಲವು ಪಟ್ಟು ಜಾಸ್ತಿ, ವ್ಯತ್ಯಾಸ ನನಗಂತೂ ಗೊತ್ತಾಗಲಿಲ್ಲ.

ಇಷ್ಟಾದರೂ ಬೆಳಗಿನ ನೋವು ಹೋಗಲಿಲ್ಲ. ಯಾಕೆ? ಶೂ ಹಾಕುವುದು ಶಾಲೆಯಲ್ಲಿ. ಮಿಕ್ಕ ಹೊತ್ತೆಲ್ಲ ಬರಿಗಾಲಲ್ಲಿ, ಟೈಲ್ಸ್ ಮೇಲೆ! ಕೊನೆಗೆ ಮನೆಯೊಳಗೆ ಹಾಕಲು ಎಂಸಿಆರ್ ಚಪ್ಪಲಿ ತಂದೆ. ಮೈಕ್ರೋ ಸೆಲ್ಯುಲರ್ ರಬ್ಬರ್, ಕುಷ್ಠರೋಗ, ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೆ ಕೊಡುವಂಥದ್ದು. ಅವ್ವ ಸಿಟ್ಟಾದಳು. "ಏನವಾ, ಮನಿಯೊಳಗ ಚಪ್ಪಲಿ ಹಾಕ್ಕೊಂಡು ತಿರುಗಾಕತ್ತೀ?" ಹೊಸ ಜೋಡಿ, ಹೊಸ್ತಿಲು ದಾಟಿಸಲ್ಲ, ದೇವರ ಮನೆಗೆ ಒಯ್ಯಲ್ಲ ಅಂತ ಒಪ್ಪಿಸಿದೆ. ಮೂರನೇ ವಾರಕ್ಕೆ ಮೊದಲ ಹೆಜ್ಜೆ ಹಗುರಾಯಿತು. ಜೊತೆಗೆ ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವ ವ್ಯಾಯಾಮವನ್ನೂ ಮಾಡುತ್ತಿದ್ದೆ, ಪೂರ್ತಿ ಶ್ರೇಯ ಚಪ್ಪಲಿಗೇ ಕೊಡಲಾರೆ.

ಎಂಸಿಆರ್ ಅಂತ ಬರೆದ ಎಲ್ಲವೂ ಎಂಸಿಆರ್ ಅಲ್ಲ. ಹೆಬ್ಬೆರಳಿಂದ ಒತ್ತಿ, ತಗ್ಗಾಗಿ ತಕ್ಷಣ ಮೇಲೆ ಬರಬೇಕು. ಸಕ್ಕರೆ ಕಾಯಿಲೆ ಇದ್ದು ಪಾದಕ್ಕೆ ಸ್ಪರ್ಶ ತಿಳಿಯದವರು ನನ್ನ ಹಾಗೆ ಪ್ರಯೋಗ ಮಾಡಬೇಡಿ, ಡಾಕ್ಟರಿಗೆ ತೋರಿಸಿಯೇ ಕೊಳ್ಳಿ.

ಈಗ ಶಾಲೆಗೆ ಶೂ ಮತ್ತು ರೆಡಿಮೇಡ್ ಇನ್‌ಸೋಲ್, ಮನೆಗೆ ಎಂಸಿಆರ್. ಕೊಲ್ಹಾಪುರಿ ಮದುವೆ ಮನೆಗೆ ಮಾತ್ರ, ಅದೂ ಊಟ ಮುಗಿಯುವವರೆಗೆ.