ಹಾಲಿನ ಡೈರಿಯ ಪುಟ್ಟ ಯಂತ್ರಕ್ಕೆ ಪೈಥಾನೋ, ಜಾವಾವೋ, ಗೋ ಭಾಷೆಯೋ?

ನಮ್ಮ ತಂಡದಲ್ಲಿ ಐದು ಜನ. ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ನಾಲ್ವರಿಗೆ ಜಾವಾ ಕರಗತ, ಒಬ್ಬರಿಗೆ ಪೈಥಾನ್ ಅಚ್ಚುಮೆಚ್ಚು, ಗೋ ಯಾರಿಗೂ ಬರುತ್ತಿರಲಿಲ್ಲ. ಮಾಡಬೇಕಾದದ್ದು ಇಷ್ಟೇ: ಹಳ್ಳಿಯ ಡೈರಿಯಲ್ಲಿ ತೂಕದ ಯಂತ್ರದ ಅಂಕಿಗಳನ್ನು ಓದಿ ಚೀಟಿ ಮುದ್ರಿಸುವುದು, ನೆಟ್‌ವರ್ಕ್ ಸಿಕ್ಕಾಗ ಲೆಕ್ಕವನ್ನು ಮುಖ್ಯ ಸರ್ವರ್‌ಗೆ ಕಳುಹಿಸುವುದು. ಅಲ್ಲಿರುವುದು 1 ಜಿಬಿ ಮೆಮೊರಿಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಮೂರೂ ಭಾಷೆಗಳಲ್ಲಿ ಬರೆದು ನೋಡಿದೆವು.

ಪೈಥಾನ್ ಎರಡೇ ದಿನದಲ್ಲಿ ಮುಗಿಯಿತು. ಪೇಚಾಟ ಶುರುವಾದದ್ದು ಹಳ್ಳಿಯಲ್ಲಿ. ನಾವು ಪೈಥಾನಿನ 3.10 ಆವೃತ್ತಿಯಲ್ಲಿ ಬಂದ ‘ಮ್ಯಾಚ್’ ಎಂಬ ಹೊಸ ಆಜ್ಞೆಯನ್ನು ಬಳಸಿದ್ದೆವು. ಅಲ್ಲಿನ ಹಳೆಯ ಯಂತ್ರದಲ್ಲಿದ್ದದ್ದು 3.7. ಮೊದಲ ಸಾಲಿನಲ್ಲೇ ಮುಗ್ಗರಿಸಿತು. ಕಂಟೇನರ್‌ನಲ್ಲಿ (ಬೇಕಾದ ಪೈಥಾನ್ ಆವೃತ್ತಿಯನ್ನೂ ಸೇರಿಸಿದ ಒಂದೇ ಗಂಟು) ಕಟ್ಟಿ ಕಳುಹಿಸಬಹುದಿತ್ತು, ಆದರೆ ಆ ಹೊರೆಯನ್ನು ಮೊಬೈಲ್ ನೆಟ್‌ನಲ್ಲಿ ಇಳಿಸಿಕೊಳ್ಳುವಷ್ಟರಲ್ಲಿ ಸಂಜೆಯ ಹಾಲೂ ಬಂದಿರುತ್ತಿತ್ತು.

ಜಾವಾದಲ್ಲಿ ಬರೆದದ್ದು ಅಚ್ಚುಕಟ್ಟಾಗಿತ್ತು, ಜಾವಾದ ಸಿದ್ಧ ಚೌಕಟ್ಟಾದ ಸ್ಪ್ರಿಂಗ್ ಬೂಟ್ ನಮಗೆ ಅಂಗೈ ನೆಲ್ಲಿ. ಆದರೆ ಬೆಳಿಗ್ಗೆ ಕರೆಂಟ್ ಹೋಗಿ ಬಂದರೆ ಅದು ಎದ್ದು ಕೂರುವವರೆಗೆ ಕ್ಯಾನ್ ಹಿಡಿದವರ ಸಾಲು ನಿಂತೇ ಇರುತ್ತಿತ್ತು. ಗ್ರಾಲ್‌ವಿಎಂ ಎಂಬ ಸಾಧನ ಬಳಸಿ ನೇರ ಯಂತ್ರಭಾಷೆಗೆ ಇಳಿಸೋಣವೆಂದರೆ, ಈ ಪೈಯಂಥ ಆರ್ಮ್ (ಒಂದು ಬಗೆಯ ಪ್ರೊಸೆಸರ್) ಯಂತ್ರಕ್ಕೆ ಬೇಕಾದದ್ದನ್ನು ಆರ್ಮ್ ಯಂತ್ರದಲ್ಲೇ ಕಟ್ಟಬೇಕು. ನಮ್ಮ ಲ್ಯಾಪ್‌ಟಾಪ್‌ಗಳು ಆ ಜಾತಿಯವಲ್ಲ.

ಗೋ ಕಲಿಯಲು ಮೂರು ವಾರ ಹಿಡಿಯಿತು. ಪ್ರತಿ ಹೆಜ್ಜೆಗೂ ‘ದೋಷ ಇದೆಯೇ’ ಎಂದು ಕೇಳುವ ಅದರ ಶೈಲಿ ನನಗೆ ಇಂದಿಗೂ ಬೇಸರ. ಆದರೂ ಲ್ಯಾಪ್‌ಟಾಪ್‌ನಲ್ಲೇ ಆರ್ಮ್‌ಗೆಂದು ಕಟ್ಟಿದರೆ ಸಿಗುವುದು ಒಂದೇ ಕಡತ. ಸಿ ಭಾಷೆಯನ್ನು ನೆಚ್ಚಿದ ಎಸ್‌ಕ್ಯೂಲೈಟ್ (ಲೆಕ್ಕ ಕೂಡಿಡುವ ಪುಟ್ಟ ಡೇಟಾಬೇಸ್) ಲೈಬ್ರರಿ ಈ ಸುಖಕ್ಕೆ ಕಲ್ಲು ಹಾಕಿತ್ತು. ಪೂರ್ತಿ ಗೋದಲ್ಲೇ ಬರೆದದ್ದಕ್ಕೆ ಬದಲಾಯಿಸಿದ ಮೇಲೆ ಸರಿಯಾಯಿತು. ಪೆನ್‌ಡ್ರೈವ್‌ನಲ್ಲಿ ಕೊಟ್ಟರೆ ಡೈರಿಯ ಕಾರ್ಯದರ್ಶಿಯೇ ಹಾಕಿಕೊಳ್ಳುತ್ತಾರೆ. ನನ್ನ ಮತ ಗೋ ಕಡೆಗೆ ವಾಲಿದ್ದು ಅಲ್ಲಿಯೇ.

ಎಡವಿದ್ದು ಕನ್ನಡದಲ್ಲಿ. ಗೋದಲ್ಲಿ ಚೀಟಿಯ ಹೆಸರನ್ನು 20 ಬೈಟ್‌ಗೆ (ಕಂಪ್ಯೂಟರ್ ಮಾಹಿತಿ ಅಳೆಯುವ ಪುಟ್ಟ ಘಟಕ) ಕತ್ತರಿಸಿದ್ದೆ. ‘ಲಕ್ಷ್ಮಮ್ಮ’ ನಮ್ಮ ಕಣ್ಣಿಗೆ ಮೂರು ಅಕ್ಷರ, ವ್ಯಂಜನ, ಹಲಂತ ಚಿಹ್ನೆಗಳನ್ನು ಬೇರೆ ಬೇರೆ ಎಣಿಸುವ ಪೈಥಾನ್ ಮತ್ತು ಜಾವಾಕ್ಕೆ 9, ಒಂದೊಂದಕ್ಕೂ ಮೂರು ಬೈಟ್ ಎಣಿಸುವ ಗೋಗೆ 27. ಚೀಟಿಯಲ್ಲಿ ‘ಲಕ್ಷ್ಮ’ ಎಂದು ಬಂದು ಮುಂದೊಂದು ವಿಚಿತ್ರ ಚಿಹ್ನೆ! ಪೈಥಾನ್ ಕೂಡ ಸಾಚಾ ಅಲ್ಲ, 8ಕ್ಕೆ ಕತ್ತರಿಸಿದರೆ ಅದೂ ಒತ್ತಕ್ಷರವನ್ನು ಮುರಿಯುತ್ತದೆ. ಈಗ ಹೆಸರನ್ನು ಕತ್ತರಿಸುವುದಿಲ್ಲ, ಎರಡನೇ ಸಾಲಿಗೆ ಇಳಿಸುತ್ತೇವೆ.

ಮುಖ್ಯ ಸರ್ವರ್ ಮಾತ್ರ ಜಾವಾದಲ್ಲೇ ಉಳಿಯಿತು. ಅಲ್ಲಿ ಮೆಮೊರಿಗೆ ಬರವಿಲ್ಲ, ರಾತ್ರಿ ಕೆಟ್ಟರೆ ನಾಲ್ವರಲ್ಲಿ ಯಾರು ಬೇಕಾದರೂ ಎದ್ದು ನೋಡಬಹುದು. ತಿಂಗಳ ವರದಿಗಳನ್ನು ನಮ್ಮ ಪೈಥಾನ್ ಪ್ರಿಯರು ಪೈಥಾನ್‌ನಲ್ಲೇ ಬರೆಯುತ್ತಾರೆ. ಅದಕ್ಕೆ ಯಾರ ತಕರಾರೂ ಇಲ್ಲ.